ಇಬ್ಬರು ದೊಡ್ಡಮ್ಮಂದಿರ ನಡುವಿನ ಸಮುದ್ರ

ಗೌನಿಪಲ್ಲಿ

ಹಡಗು ಹತ್ತಿ ಹೊರದೇಶಕ್ಕೆ ಹೋಗಿ ಬಂದೆ ಎಂದರೆ ನಮ್ಮ ಶ್ರೀನಿವಾಸಪುರದ ಕಡೆ ಜನ ಮೊದಲು ಕೇಳುವುದು ರೇಡಿಯೋ ತಂದೆಯಾ, ವಾಚು ತಂದೆಯಾ ಎಂದು. ನಾನು ಎರಡನ್ನೂ ತರಲಿಲ್ಲ. ಒಬ್ಬ ಮನುಷ್ಯ ಯಾವ ವರ್ಷ ತೀರಿಕೊಂಡ ಎಂದು ಕೇಳಿಕೊಂಡು ಬರಲು ನಾನು ಮಲೇಶಿಯಾಕ್ಕೆ ಹೋಗಿದ್ದೆ. ಹೈಸ್ಕೂಲಿನ ಲೆಕ್ಕದ ಮೇಷ್ಟ್ರಿಗೆ ವರ್ಷ ಎಣಿಸುವುದಕ್ಕೂ ಸಮುದ್ರ ದಾಟಬೇಕೇನ್ರೀ ಎಂದು ಸ್ಟಾಫ್ ರೂಮಿನಲ್ಲಿ ಈಗಲೂ ನಗುತ್ತಾರೆ. ನಗಲಿ ಬಿಡಿ.

ಎಪ್ಪತ್ತೆಂಟರ ಸಂಕ್ರಾಂತಿ ಕಳೆದ ವಾರ ಗೌನಿಪಲ್ಲಿಯ ನಮ್ಮ ಮನೆಗೆ ಒಂದು ಕಾಗದ ಬಂತು. ವಿಳಾಸದಲ್ಲಿ ನಮ್ಮ ತಾತನ ಹೆಸರು, ಅದರ ಕೆಳಗೆ 'ಮೈಸೂರು ಸಂಸ್ಥಾನ' ಎಂದಿತ್ತು. ತಾತ ಹೋಗಿ ಮೂವತ್ತು ವರ್ಷವಾಗಿತ್ತು, ಸಂಸ್ಥಾನವೂ ಹೋಗಿತ್ತು. ಆದರೂ ಪೋಸ್ಟ್‌ಮ್ಯಾನ್ ಅದನ್ನು ಸರಿಯಾದ ಮನೆಗೇ ತಂದಿದ್ದ. ಒಳಗೆ ದುಂಡು ತೆಲುಗು ಅಕ್ಷರ. 'ನಮ್ಮ ತಂದೆ ಮುನಿವೆಂಕಟಪ್ಪನವರು ನಿಮ್ಮ ಊರಿನವರು. ನಾನು ಅವರ ಮಗಳು ಲಕ್ಷ್ಮಿ, ಇಲ್ಲಿ ತೆಂಗಿನ ತೋಟದ ಸ್ಕೂಲಿನಲ್ಲಿ ಟೀಚರ್. ನಮ್ಮ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ' ಎಂದು ನಾಲ್ಕೇ ಸಾಲು.

ಮುನಿವೆಂಕಟಪ್ಪ ನಮ್ಮಪ್ಪನ ಅಣ್ಣ, ನನಗೆ ದೊಡ್ಡಪ್ಪ. ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆ, ಒಂದು ದಿನ ಬೆಳಿಗ್ಗೆ ಮುಳಬಾಗಿಲು ಸಂತೆಗೆ ಹೋಗಿ ಬರ್ತೀನಿ ಎಂದು ಹೊರಟವನು ಬರಲೇ ಇಲ್ಲ. ತೋಟಕ್ಕೆ ಕೂಲಿಯಾಳು ಸೇರಿಸುವ ಯಾವನೋ ಮೇಸ್ತ್ರಿಯ ಜೊತೆ ಮದ್ರಾಸಿಗೆ ಹೋದ, ಅಲ್ಲಿಂದ ಹಡಗು ಹತ್ತಿದ ಎಂದು ಆಮೇಲೆ ಯಾರೋ ಹೇಳಿದರು. ಅವನ ಹೆಂಡತಿ ನಂಜಮ್ಮನಿಗೆ ಆಗ ಹದಿನಾರು. ನನ್ನನ್ನು ಎತ್ತಿ ಆಡಿಸಿ ಸಾಕಿದ ದೊಡ್ಡಮ್ಮ ಅವಳೇ.

ಹನ್ನೆರಡು ವರ್ಷ ಸುದ್ದಿಯಿಲ್ಲದೆ ಹೋದವನನ್ನು ಸತ್ತವನೆಂದೇ ತಿಳಿದು ಕರ್ಮ ಮುಗಿಸಿಬಿಡುವುದು ನಮ್ಮಲ್ಲಿನ ಪದ್ಧತಿ. ಹೆಣವಿಲ್ಲವಲ್ಲ, ಮುತ್ತುಗದ ಎಲೆಯಲ್ಲಿ ಆಳಿನ ಆಕಾರ ಕಟ್ಟಿ ಕೆರೆಯಂಗಳದಲ್ಲಿ ಸುಡುತ್ತಾರೆ. ನಮ್ಮಪ್ಪನಿಗೆ ಹೆಣ್ಣು ಗೊತ್ತಾದಾಗ ಬೀಗರು, "ಅಣ್ಣ ಇದ್ದಾನೋ ಇಲ್ಲವೋ ಒಂದು ಮಾಡಿಕೊಳ್ಳಿ" ಎಂದರಂತೆ. ಹನ್ನೆರಡು ತುಂಬಿತ್ತು, ಮಾಡಿಕೊಂಡರು. ಹತ್ತನೇ ದಿನ ದೊಡ್ಡಮ್ಮನ ಬಳೆ ಒಡೆದರು. ತಿಂಗಳು ಕಳೆದು ನಮ್ಮಪ್ಪನ ಮದುವೆಯಾಯಿತು, ಎರಡು ವರ್ಷಕ್ಕೆ ನಾನು ಹುಟ್ಟಿದೆ. ಹೀಗೆ ನಾನು ಈ ಭೂಮಿಗೆ ಬಂದದ್ದು ಆ ಬಳೆ ಒಡೆದ ಮೇಲೆ. ಈ ಸಂಗತಿಯನ್ನು ನಾನು ಜಾಸ್ತಿ ಯೋಚನೆ ಮಾಡಿದವನಲ್ಲ.

ಕಾಗದವನ್ನು ನಾನು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಮಗಳು ಇದಾಳಾ?" ಎಂದಳು.

"ಇದಾಳಂತೆ ದೊಡ್ಡಮ್ಮ."

"ಆಗ್ಲಿ. ಗಂಡಸು, ಎಷ್ಟು ದಿನ ಒಬ್ನೇ ಇರ್ತಾನೆ." ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಎಳೆದುಕೊಂಡು, "ಲೇ ನಾರಾಣಿ, ನೀನೇ ಹೋಗಿ ಬಾ ಕಣೋ. ಅವ್ರು ಇನ್ನೂ ಇದಾರಾ, ತೀರ್ಕೊಂಡಿದ್ರೆ ಯಾವ ವರ್ಷ ಅಂತ ಕೇಳ್ಕೊಂಡು ಬಾ" ಎಂದಳು.

"ಕಾಗದ ಬರೆದು ಕೇಳಿದ್ರಾಯ್ತಲ್ಲ."

"ಇದು ಕಾಗ್ದದಲ್ಲಿ ಕೇಳೋ ಮಾತೇನೋ? ನನ್ ಬಳೆ ಒಡೆದ್ರಲ್ಲ, ಅವತ್ತು ನಾನು ಬಾಯ್ ಬಡ್ಕೊಂಡೆ. ಇದಾರೆ, ನಂಗೊತ್ತು, ಬ್ಯಾಡ ಅಂದೆ. ಮೂರು ಜನ ಕೈ ಹಿಡ್ಕೊಂಡ್ರು. ನಿಮ್ಮಜ್ಜಿ ಹಠಮಾರಿ ಮುಂಡೆ ಅಂದ್ಳು. ನಾನು ಹಠಮಾರೀನಾ, ಇಲ್ಲ ನಾನು ಹೇಳಿದ್ದೇ ನಿಜಾನಾ, ಅದು ಗೊತ್ತಾಗ್ಬೇಕು ನಂಗೆ. ಸಾಯೋಕ್ಮುಂಚೆ."

ನನ್ನ ಪರೀಕ್ಷೆಯ ದಿನಗಳು ನೆನಪಾದವು. ಪ್ರತಿ ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟು, ನಾನು ಹೊರಡುವ ಹೊತ್ತಿಗೆ ಎದುರು ಬರಬಾರದೆಂದು ಹಿತ್ತಿಲಿಗೆ ಹೋಗಿ ಕೂರುತ್ತಿದ್ದಳು. ನನ್ನ ಮದುವೆಯನ್ನು ಅವಳು ನೋಡಿದ್ದು ಅಡುಗೆ ಮನೆಯ ಕಿಟಕಿಯಿಂದ. ಈಗ ಅವಳು ಕೇಳುತ್ತಿರುವುದು ಒಂದು ಇಸವಿ ಮಾತ್ರ. ಹೋಗುತ್ತೇನೆ ಎಂದೆ.

ಕೋಲಾರ

ಹೋಗುತ್ತೇನೆ ಎನ್ನುವುದು ಸುಲಭ. ಪಾಸ್‌ಪೋರ್ಟಿನ ವಿಚಾರಣೆಗೆ ಕೋಲಾರದ ಕಚೇರಿಯೊಂದರಲ್ಲಿ ಕೂತ ದಪ್ಪ ಮೀಸೆಯವರು, "ಯಾಕೆ ಹೋಗ್ತೀರಾ?" ಎಂದರು. ಸಂಬಂಧಿಕರನ್ನು ನೋಡಲು ಎಂದೆ. "ಹೆಸರು?" ಎಂದರು. ದೊಡ್ಡಪ್ಪನ ಹೆಸರು ಹೇಳಿದೆ. "ಬದುಕಿದಾರಾ?" ಎಂದರು. ನಮ್ಮ ಮನೆಯಲ್ಲಿ ನಲವತ್ತೊಂದು ವರ್ಷದಿಂದ ಬಗೆಹರಿಯದ ಪ್ರಶ್ನೆಯನ್ನು ಅವರು ಒಂದೇ ಉಸಿರಿಗೆ ಕೇಳಿಬಿಟ್ಟರು. ಅದನ್ನೇ ಕೇಳಲು ಹೋಗುತ್ತಿದ್ದೇನೆ ಸಾರ್ ಎಂದದ್ದಕ್ಕೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಇವನಿಂದ ದೇಶಕ್ಕೆ ಅಪಾಯವಿಲ್ಲ ಎಂದು ತೀರ್ಮಾನಿಸಿ ಸಹಿ ಹಾಕಿದರು.

ಬೇಸಿಗೆ ರಜೆ ಶುರುವಾದ ವಾರ ಹೊರಟೆ. ನನ್ನ ಹೆಂಡತಿ ಮಾಲೂರಿನವಳು. ಅವಳ ತವರಿನವರು ಸ್ಟೇಷನ್ನಿಗೆ ಬಂದು, ಮದ್ರಾಸ್ ರೈಲಿನ ಕಿಟಕಿಯಿಂದ ಹತ್ತು ಸೇರು ರಾಗಿ ಹಿಟ್ಟಿನ ಚೀಲ ತೂರಿಸಿದರು. ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ಮೊದಲೇ ಪೆಟ್ಟಿಗೆಯಲ್ಲಿತ್ತು. ಅಲ್ಲಿ ಹೊಟ್ಟೆಗೆ ಏನು ಸಿಗುತ್ತದೋ ಎಂಬ ಚಿಂತೆ ನನ್ನದಲ್ಲ, ಅವರದು. ಅಂದು ಗೌನಿಪಲ್ಲಿಯ ಬಾಗಿಲು ದಾಟುವಾಗ ದೊಡ್ಡಮ್ಮ ಕಾಣಲಿಲ್ಲ. ಹಿತ್ತಿಲಿನಲ್ಲಿದ್ದಳು.

ಸಮುದ್ರದ ಮೇಲೆ

ಹಡಗಿನ ಬಗ್ಗೆ ಬರೆಯಲು ನನಗೆ ಹೆಚ್ಚೇನೂ ಗೊತ್ತಿಲ್ಲ, ಏಕೆಂದರೆ ಏಳು ದಿನದಲ್ಲಿ ನಾಲ್ಕು ದಿನ ಕಣ್ಣು ಮುಚ್ಚಿಕೊಂಡೇ ಇದ್ದೆ. ನಮ್ಮ ಸೀಮೆಯವನು ನೋಡಿದ ಅತಿ ದೊಡ್ಡ ನೀರು ಎಂದರೆ ತುಂಬಿದ ಕೆರೆ. ಅದೂ ತುಂಬುವುದು ಯಾವಾಗಲೋ ಒಮ್ಮೆ. ಇಲ್ಲಿ ನೋಡಿದರೆ ನೀರಿಗೆ ಏರಿಯೂ ಇಲ್ಲ, ತೂಬೂ ಇಲ್ಲ. ಪಕ್ಕದ ಮಂಚದಲ್ಲಿದ್ದ ನಾಗಪಟ್ಟಣದ ಮುದುಕರು ದಿನಕ್ಕೆ ಮೂರು ಸಲ ನನಗೆ ನಿಂಬೆಹಣ್ಣು ಮೂಸಿಸಿ, "ಪರವಾಯಿಲ್ಲೆ ವಾಧ್ಯಾರೇ, ಭೂಮಿ ಎಲ್ಲೂ ಹೋಗಿಲ್ಲ" ಎಂದು ಸಮಾಧಾನ ಹೇಳುತ್ತಿದ್ದರು.

ಐದನೇ ದಿನ ಎದ್ದು ಡೆಕ್ಕಿನ ಮೇಲೆ ನಿಂತೆ. ಇಷ್ಟು ದೂರ ಬಂದ ಮೇಲೆ, ಸಂತೆಗೆ ಹೋಗಿ ಬರ್ತೀನಿ ಎಂದವನಿಗೆ ಎದೆಯಲ್ಲಿ ಏನಾಗಿರಬೇಕು ಎಂದು ಮೊದಲ ಸಲ ಅನ್ನಿಸಿತು. ಅಲ್ಲಿಯವರೆಗೆ ಅವನ ಮೇಲೆ ನನಗೆ ಬರೀ ಸಿಟ್ಟಿತ್ತು.

ಪೆನಾಂಗ್

ಸುಂಕದ ಕಟ್ಟೆಯಲ್ಲಿ ಮಲಯ್ ಅಧಿಕಾರಿ ನನ್ನ ರಾಗಿ ಹಿಟ್ಟಿನ ಚೀಲ ಬಿಚ್ಚಿದ. ಮೂಸಿದ. ಇನ್ನಿಬ್ಬರನ್ನು ಕರೆದ. ಅವರೂ ಮೂಸಿದರು. ನಾನು ಇಂಗ್ಲಿಷಿನಲ್ಲಿ, ಇದು ಊಟ, ಹೀಗೆ ಉಂಡೆ ಮಾಡಿ ನುಂಗುತ್ತೇವೆ ಎಂದು ಕೈಯಲ್ಲಿ ಮುದ್ದೆ ಕಟ್ಟಿ ತೋರಿಸಿದೆ. ಅಗಿಯುವುದಿಲ್ಲವೇ ಎಂದು ಕೇಳಿದ. ಇಲ್ಲ ಎಂದೆ. ಅವನ ಮುಖದಲ್ಲಿ ನಿಜವಾದ ಕನಿಕರ ಕಂಡಿತು. ಚೀಲ ಕಟ್ಟಿ, ಬೆನ್ನು ತಟ್ಟಿ ಕಳಿಸಿದ. ಉಪ್ಪಿನಕಾಯಿಯ ಜಾಡಿಯನ್ನು ಅವನು ನೋಡಲೇ ಇಲ್ಲ. ನೋಡಿದ್ದರೆ ಒಳ್ಳೆಯದಿತ್ತು, ಅದಾಗಲೇ ಬಿರಿದು ನನ್ನ ಒಂದೇ ಒಂದು ಟೆರಿಲಿನ್ ಶರಟು ಎಣ್ಣೆ ಕುಡಿದಿತ್ತು.

ಪೆನಾಂಗ್ ಒಂದು ದ್ವೀಪ. ಆಚೆ ದಡಕ್ಕೆ ದೋಣಿಯಂಥ ದೊಡ್ಡ ಫೆರ್ರಿಯಲ್ಲಿ ಹೋಗಬೇಕು. ನಾನು ಹತ್ತಿ ಕೂತೆ. ಅದು ಒಂದು ಕಡೆ ನಿಂತಿತು, ಜನ ಇಳಿದರು. ಕೋಲಾರದ ಬಸ್ಸು ನರಸಾಪುರದಲ್ಲಿ ನಿಂತ ಹಾಗೆ ಇದು ನಡುವಿನ ಸ್ಟಾಪು, ನಮ್ಮ ಊರು ಬಂದಾಗ ಕಂಡಕ್ಟರು ಕೂಗುತ್ತಾನೆ ಎಂದು ಕೂತೇ ಇದ್ದೆ. ಹೊಸ ಜನ ಹತ್ತಿದರು. ಸ್ವಲ್ಪ ಹೊತ್ತಿಗೆ, ಬೆಳಿಗ್ಗೆ ಬಿಟ್ಟುಬಂದ ಸುಂಕದ ಕಟ್ಟೆಯೇ ಮತ್ತೆ ಎದುರಿಗೆ ಬಂತು. ಎರಡನೇ ಸಲ ಹೊರಟಾಗ ಪಕ್ಕದಲ್ಲಿದ್ದ ಚೀನೀ ಅಜ್ಜಿ ನನ್ನ ಪಾಡು ಅರ್ಥ ಮಾಡಿಕೊಂಡು, ದಡ ಬಂದ ಕೂಡಲೇ ನನ್ನ ತೋಳು ಹಿಡಿದು ಎಬ್ಬಿಸಿದಳು. ಒಂದು ಮಾತೂ ಇಬ್ಬರಿಗೂ ತಿಳಿಯದು. ಆದರೂ ಗದರಿದ್ದು ಮಾತ್ರ ನಮ್ಮ ಹೋಳೂರಿನ ಸೋದರತ್ತೆ ಗದರಿದ ಹಾಗೇ ಇತ್ತು.

ತೋಟ, ಮೊದಲ ದಿನ

ಎರಡು ಬಸ್ಸು ಬದಲಿಸಿ ತೋಟ ಸೇರಿದಾಗ ಮಧ್ಯಾಹ್ನ. ಸಮುದ್ರದ ಅಂಚಿನವರೆಗೂ ತೆಂಗು. ನಡುವೆ ಕಾಲುವೆಗಳು, ಕಾಲುವೆಯ ದಡದಲ್ಲಿ ಸಾಲು ಮನೆಗಳು. ಉದ್ದನೆಯ ಗಳುವಿನ ತುದಿಗೆ ಕುಡುಗೋಲು ಕಟ್ಟಿ ನೆಲದ ಮೇಲೆ ನಿಂತೇ ಕಾಯಿ ಕೆಡವುತ್ತಿದ್ದರು. ಮರ ಹತ್ತದೆ ಕಾಯಿ ಕೀಳುವುದನ್ನು ನೋಡಿ ನನಗೆ ಯಾಕೋ ಮೋಸ ಅನ್ನಿಸಿತು.

ಲಕ್ಷ್ಮಿ ಸ್ಕೂಲಿನಿಂದ ಓಡಿಬಂದಳು. ನಲವತ್ತೆರಡು ವರ್ಷದ ಹೆಂಗಸು, ನಮ್ಮಪ್ಪನ ಮೂಗು, ನಮ್ಮಪ್ಪನ ದವಡೆ. "ತಮ್ಮುಡೂ" ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ನನಗೂ ಅಳು ಬಂತು. ಅತ್ತು ಮುಗಿದ ಮೇಲೆ ನನ್ನ ಮೇಷ್ಟ್ರ ಬುದ್ಧಿ ಸುಮ್ಮನಿರಲಿಲ್ಲ. ನಲವತ್ತೆರಡು ಎಂದರೆ, ನಮ್ಮೂರ ಕೆರೆಯಂಗಳದಲ್ಲಿ ಮುತ್ತುಗದ ಎಲೆಯ ಆಳನ್ನು ಸುಟ್ಟ ದಿನ ಇವಳಿಗೆ ಒಂದು ವರ್ಷ. ಅಂದು ದೊಡ್ಡಪ್ಪ ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಕಾಲುವೆಯ ದಡದಲ್ಲಿ ಓಡಾಡುತ್ತಿದ್ದಿರಬೇಕು. ದೊಡ್ಡಮ್ಮನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಅವಳು ಹೇಳಿದ್ದೇ ನಿಜವಿರಬೇಕು.

ಲಕ್ಷ್ಮಿಯ ತಾಯಿ ಅಪ್ಪಲಮ್ಮ, ವಿಶಾಖಪಟ್ಟಣದ ಕಡೆಯಿಂದ ಬಂದವರ ಮಗಳು. ಸಂಬಂಧದಲ್ಲಿ ಅವರೂ ನನಗೆ ದೊಡ್ಡಮ್ಮನೇ. ತೆಲುಗಿನಲ್ಲಿ ಪೆದ್ದಮ್ಮ ಎಂದು ಕರೆದೆ. ಬಿಳಿ ಸೀರೆಯ ಸಣ್ಣ ಮುದುಕಿ. ಹಣೆ ಬೋಳು, ಕೈ ಬೋಳು. ನಾನು ಕಾಲಿಗೆ ಬಿದ್ದರೆ ತಲೆ ಮುಟ್ಟಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿ, ಮಗಳ ಕಡೆ ತಿರುಗಿ, "ನೀನೇ ಬರೆದೆ ಅಲ್ಲವೇ?" ಎಂದು ಕೇಳಿ ಒಳಗೆ ಹೋಗಿಬಿಟ್ಟರು.

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಹೊತ್ತು ಹೊತ್ತಿಗೆ ಅನ್ನ, ಒಣಮೀನಿನ ಸಾರು, ನಾನು ತಂದ ಜಾಡಿಯಲ್ಲಿ ಉಳಿದ ಉಪ್ಪಿನಕಾಯಿ ಎಲ್ಲ ಬರುತ್ತಿತ್ತು. ಮಾತು ಮಾತ್ರ ಇಲ್ಲ. ಬೇರೆ ಸಂಸಾರದ ಕಡೆಯವನು ಬಂದನಲ್ಲ ಎಂಬ ಸಂಕಟವಿರಬೇಕು ಎಂದುಕೊಂಡೆ. ಸಾಲು ಮನೆಯವರೆಲ್ಲ ಮಾತ್ರ ಹಬ್ಬಕ್ಕೆ ಬಂದವನಂತೆ ನನ್ನನ್ನು ಮನೆಮನೆಗೆ ಕರೆದು, ದಪ್ಪ ಹಾಲಿನ ಸಿಹಿ ಕಾಫಿ ಕುಡಿಸಿದರು. ಯಾವ ಮನೆಯಲ್ಲೂ ನಮ್ಮ ಮಾಲೂರಿನಂಥ ಹೆಂಚಿಲ್ಲ, ಎಲ್ಲ ತಗಡು. ಮಳೆ ಬಂದರೆ ಮಾತಾಡಲು ಕೂಗಬೇಕು. ದಿನಾ ಮಳೆ ಬರುತ್ತದೆ. ಇದರಲ್ಲಿ ಒಂದು ವಾರದ ಮಳೆಯನ್ನು ಶ್ರೀನಿವಾಸಪುರಕ್ಕೆ ಕೊಟ್ಟಿದ್ದರೆ ಎಂದು ಯೋಚಿಸದೆ ಇರಲಾಗಲಿಲ್ಲ.

ಒಬ್ಬಳು ಹುಡುಗಿ ಕೈ ಮುಂದೆ ಮಾಡಿ ಬಳೆ ತೋರಿಸಿ, "ಇದು ಅಕ್ಕ ಬಳೆ" ಎಂದಳು. ಯಾವ ಅಕ್ಕ ಎಂದು ಲಕ್ಷ್ಮಿಯನ್ನು ಕೇಳಿದೆ. "ಊರಲ್ಲಿರೋ ಅಕ್ಕ. ನಿಮ್ಮ ಮನೆಯ ದೊಡ್ಡಮ್ಮ" ಎಂದಳು. ದೊಡ್ಡಪ್ಪ ಪೆದ್ದಮ್ಮನನ್ನು ಮದುವೆಯಾಗುವ ಮುಂಚೆಯೇ ಅವರಿಗೆ ಹೇಳಿದ್ದನಂತೆ: ಊರಲ್ಲಿ ನಿನ್ನ ಅಕ್ಕ ಇದ್ದಾಳೆ, ಹಬ್ಬಕ್ಕೆ ಮೊದಲ ಬಳೆ ಅವಳದು. ಅಂದಿನಿಂದ ಪ್ರತಿ ಸಂಕ್ರಾಂತಿಗೆ ಆ ಅಕ್ಕನ ಹೆಸರಿನಲ್ಲಿ ತೋಟದ ಒಬ್ಬ ಹುಡುಗಿಗೆ ಬಳೆ ತೊಡಿಸುತ್ತಾರೆ. ಆ ಸಾಲಿನ ಅರ್ಧ ಹೆಂಗಸರು ಚಿಕ್ಕವರಿದ್ದಾಗ ನಮ್ಮ ನಂಜಮ್ಮನ ಹೆಸರಿನ ಬಳೆ ತೊಟ್ಟವರು. ಇಲ್ಲಿ ನಂಜಮ್ಮ ಇಡೀ ತೋಟಕ್ಕೆ ಮುತ್ತೈದೆ.

ತೋಟ, ಮೂರನೇ ದಿನ

ಮೂರನೇ ದಿನ ಲಕ್ಷ್ಮಿ ಸ್ಕೂಲಿಗೆ ಹೋದ ಮೇಲೆ ಪೆದ್ದಮ್ಮ ತಾವಾಗಿಯೇ ಬಂದು ಜಗಲಿಯ ಮೇಲೆ ಕೂತರು. ಅವರ ತೆಲುಗು ನಮ್ಮ ರಾಯಲ್ಪಾಡಿನ ತೆಲುಗಿಗಿಂತ ಬೇರೆ, ಆದರೂ ತಿಳಿಯುತ್ತದೆ. ಅದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಇವ್ಳು ಕಾಗ್ದದಾಗೆ ಏನು ಬರ್ದಿದ್ಳು? ಅವ್ರು ಹೋದ್ರು ಅಂತ ಬರ್ದಿದ್ಳಾ?"

"ಇಲ್ಲ ಪೆದ್ದಮ್ಮ. ಬರೀ ನಮ್ಮ ತಂದೆ ನಿಮ್ಮೂರಿನವರು ಅಂತ."

ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ದೇವರು ದೊಡ್ಡೋನು. ನಾನು ಎರಡು ದಿನ ನಿನ್ನ ಮುಖ ನೋಡೋಕೆ ಆಗ್ಲಿಲ್ಲ ನಾಯ್ನಾ. ಎಲ್ಲ ಮುಗೀತು ಅಂದ್ಕೊಂಡೆ."

ಆಮೇಲೆ ಹೇಳಿದರು. ದೊಡ್ಡಪ್ಪ ತೀರಿಕೊಂಡದ್ದು ಆ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಐವತ್ತೇಳರಲ್ಲಿ. ಮೂರು ದಿನದ ಜ್ವರ. ಓದು ಬರಹ ಬಾರದವನು. ತೋಟದ ಗುಮಾಸ್ತರು ಬರೆದುಕೊಡುತ್ತೇವೆ ಎಂದರೂ ಬೇಡ ಎನ್ನುತ್ತಿದ್ದನಂತೆ. "ಸಂತೆಗೆ ಹೋಗಿ ಬರ್ತೀನಿ ಅಂತ ಬಂದೋನು, ಈಗ ಏನಂತ ಬರೀಲಿ ಅಂತಿದ್ರು. ನಾಚ್ಕೆ. ವರ್ಷ ಆದಷ್ಟೂ ನಾಚ್ಕೆ ದೊಡ್ಡದಾಯ್ತು."

"ಹೋದ ಮೇಲಾದ್ರೂ ನೀವು ಒಂದು ಕಾಗದ ಬರೆಸಬಹುದಿತ್ತಲ್ಲ ಪೆದ್ದಮ್ಮ?"

"ಹೆಂಗೆ ಬರೆಸ್ಲಿ? ನನ್ ಬಳೆ ತೆಗ್ದಾಗ ನಾನು ಅದೇ ಯೋಚ್ನೆ ಮಾಡ್ದೆ. ಕಾಗ್ದ ಹೋದ್ರೆ ಆ ದಿನಾನೇ ಅಕ್ಕನ್ ಬಳೆ ಒಡೀತಾರೆ. ಹೋಗ್ಲಿಲ್ಲ ಅಂದ್ರೆ ಆಕೆ ಮುತ್ತೈದೆಯಾಗೇ ಇರ್ತಾಳೆ. ಇಬ್ರಲ್ಲಿ ಒಬ್ಳಾದ್ರೂ ಇರ್ಲಿ ಅಂದ್ಕೊಂಡೆ. ಇಪ್ಪತ್ತೊಂದು ವರ್ಷ ಯಾರಿಗೂ ಬರೆಯೋಕೆ ಬಿಡ್ಲಿಲ್ಲ. ಇವ್ಳು ಕಳ್ಳತನದಾಗೆ ಬರೆದ್ಳು." ನನ್ನ ಕೈ ಹಿಡಿದುಕೊಂಡರು. "ಹೇಳು ನಾಯ್ನಾ, ಅಕ್ಕ ಬೊಟ್ಟು ಇಟ್ಕೊಂಡಿದಾಳಲ್ಲ? ಬಳೆ ಹಾಕ್ಕೊಂಡಿದಾಳಲ್ಲ?"

ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಹದಿನೈದು ವರ್ಷದಿಂದ ಪಾಠ ಹೇಳುವವನು ನಾನು. "ಚೆನ್ನಾಗಿದಾಳೆ ಪೆದ್ದಮ್ಮ, ಗಟ್ಟಿಮುಟ್ಟಾಗಿದಾಳೆ" ಎಂದೆ. ಅದು ಸುಳ್ಳಲ್ಲ, ಉತ್ತರವೂ ಅಲ್ಲ. ಅವರು ಅದನ್ನೇ ಉತ್ತರ ಎಂದು ತೆಗೆದುಕೊಂಡರು. ಮುಖ ಅರಳಿತು.

"ಹಂಗಾದ್ರೆ ಹೋಗಿ ಹೇಳ್ಬೇಡ. ಅವ್ರು ಇದಾರೆ ಅನ್ನು. ವಯಸ್ಸಾಗಿದೆ, ಬರೋಕಾಗಲ್ಲ ಅನ್ನು. ಆಕೆ ಬಳೆ ತೊಟ್ಕೊಂಡೇ ಹೋಗ್ಲಿ. ಮಾತು ಕೊಡು."

ನಾನು ಮಾತು ಕೊಡಲಿಲ್ಲ. ಕೊಟ್ಟ ಹಾಗೆ ಕಾಣುವಂತೆ ತಲೆ ತಗ್ಗಿಸಿದೆ. ಅಂದಿನಿಂದ ಅವರು ನನಗೆ ತಮ್ಮ ಕೈಯಾರೆ ಬಡಿಸಿದರು, ರಾಗಿ ಮುದ್ದೆ ಮಾಡುವುದನ್ನು ನನ್ನಿಂದ ಹೇಳಿಸಿಕೊಂಡು ಗಂಟು ಗಂಟಾಗಿ ಮಾಡಿ, "ಅವ್ರು ಇದಕ್ಕೇ ಜೀವ ಬಿಡ್ತಿದ್ರು" ಎಂದು ಒಂದು ತುತ್ತು ತಾವೂ ನುಂಗಿದರು. ಉಳಿದ ದಿನಗಳೆಲ್ಲ ನಾನು ಕಳ್ಳನ ಹಾಗೆ ಉಂಡೆ.

ಮತ್ತೆ ಗೌನಿಪಲ್ಲಿ

ಹಿಂದಿರುಗುವ ಹಡಗಿನಲ್ಲಿ ತಲೆ ಸುತ್ತಲಿಲ್ಲ, ಅದಕ್ಕೆ ಬಿಡುವಿರಲಿಲ್ಲ. ಒಬ್ಬಳಿಗೆ ನಿಜ ಬೇಕು. ಆ ನಿಜ ಹೇಳಬಾರದು ಎಂಬುದು ಇನ್ನೊಬ್ಬರ ಆಸೆ. ದೊಡ್ಡಪ್ಪ ಬದುಕಿದ್ದಾನೆ ಎಂದರೆ ದೊಡ್ಡಮ್ಮ ಗೆದ್ದ ಹಾಗಾಗುತ್ತದೆ, ಆದರೆ ನಾಳೆಯೇ ಕರೆದುಕೊಂಡು ಬಾ ಎನ್ನುತ್ತಾಳೆ. ಬೇಗನೇ ಸತ್ತ ಎಂದರೆ ಅವಳ ಬಳೆ ಒಡೆದದ್ದು ಸರಿಯಾಯಿತು ಎಂದಾಗುತ್ತದೆ, ಅವಳು ಹಠಮಾರಿಯಾಗಿಯೇ ಉಳಿಯುತ್ತಾಳೆ. ಏಳು ದಿನ ಈ ಲೆಕ್ಕ ಮಾಡಿದೆ. ಉತ್ತರ ಬರಲಿಲ್ಲ.

ಊರು ಸೇರಿದ ದಿನ ದೊಡ್ಡಮ್ಮ ಹಿತ್ತಿಲ ಹೊಂಗೆಯ ನೆರಳಿನಲ್ಲಿ ಮಾವಿನಕಾಯಿ ಹೋಳು ಮಾಡುತ್ತಿದ್ದಳು. ನಾನು ಕೈಕಾಲು ತೊಳೆದು ಬಂದು ಎದುರಿಗೆ ಕೂತೆ. ಅವಳು ಮುಖ ಎತ್ತಿ, "ಹೇಳು" ಎಂದಳು. ಆ ಮುಖದ ಎದುರಿಗೆ ನನಗೆ ಏನನ್ನೂ ಕಟ್ಟಿ ಹೇಳಲು ಬರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಐವತ್ತೇಳು ಎಂದೆ. ಬಳೆ ಒಡೆದ ಮೇಲೆ ಇಪ್ಪತ್ತು ವರ್ಷ ಇದ್ದರು ಎಂದೆ. ಅಕ್ಕನ ಬಳೆಯ ಸಂಗತಿ, ಬರೆಯದೆ ಉಳಿದ ಕಾಗದದ ಸಂಗತಿ, ನಾನು ಕೊಡದ ಮಾತಿನ ಸಂಗತಿ, ಒಂದನ್ನೂ ಬಿಡಲಿಲ್ಲ.

ದೊಡ್ಡಮ್ಮ ಕತ್ತಿ ಕೆಳಗಿಟ್ಟಳು.

"ನಾನು ಅವತ್ತೇ ಹೇಳ್ದೆ" ಎಂದಳು. "ಹೇಳ್ದೆ ಅಲ್ವೇನೋ? ಇದಾರೆ ಅಂತ."

"ಹೇಳಿದ್ದೆ ದೊಡ್ಡಮ್ಮ. ನೀನು ಹೇಳಿದ್ದೇ ನಿಜ."

ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಹುಟ್ಟಿದ ಮೇಲೆ ಕಂಡದ್ದು ಅದೇ ಮೊದಲು. ನಾನೂ ಅತ್ತೆ. ನಮ್ಮಪ್ಪನ ಪರವಾಗಿ, ನಮ್ಮಜ್ಜಿಯ ಪರವಾಗಿ, ಕೈ ಹಿಡಿದುಕೊಂಡ ಆ ಮೂವರ ಪರವಾಗಿ ತಪ್ಪಾಯಿತು ಎಂದೆ. ಅದು ಅವಳ ಕಿವಿಗೆ ಬಿತ್ತೋ ಇಲ್ಲವೋ.

ಮುಖ ಒರೆಸಿಕೊಂಡು ಕೇಳಿದಳು: "ಆಯಮ್ಮನಿಗೆ ಏನಂದೆ? ನನ್ ಬಳೆ ಒಡೆದಿದ್ದು ಹೇಳ್ದಾ?"

"ಇಲ್ಲ. ಚೆನ್ನಾಗಿದಾಳೆ ಅಂತ ಮಾತ್ರ ಹೇಳ್ದೆ."

"ಒಳ್ಳೇದು ಮಾಡ್ದೆ. ಪೆನ್ನು ತಗೋ."

"ಯಾಕೆ?"

"ಕಾಗ್ದ ಬರಿ. ತೆಲುಗಲ್ಲಿ ಬರಿ. ಕ್ಷೇಮವಾಗಿ ಬಂದು ಸೇರ್ದೆ, ನೀವು ಹೇಳಿದಂಗೆ ನಮ್ ದೊಡ್ಡಮ್ಮನಿಗೆ ಏನೂ ಹೇಳ್ಲಿಲ್ಲ ಅಂತ ಬರಿ."

ನಾನು ಅವಳ ಮುಖ ನೋಡಿದೆ.

"ಏನ್ಲಾ ಹಂಗ್ ನೋಡ್ತೀಯ? ಇಪ್ಪತ್ತೊಂದು ವರ್ಷ ನನ್ ಬಳೆ ಕಾದವ್ಳು ಅವ್ಳು. ಅದು ಒಡೆದು ಎಷ್ಟೋ ಕಾಲ ಆಗೋಯ್ತು ಅಂತ ನಾನು ಹೇಳ್ಲಾ? ಬರಿ. ನಿಮ್ಮಕ್ಕ ಬಳೆ ತೊಟ್ಕೊಂಡಿದಾಳೆ ಅಂತ ಬರಿ. ಹಸಿರು ಬಳೆ."

ಬರೆದೆ. ನನ್ನ ಅಕ್ಷರ ಸೊಟ್ಟಗಾದವು. ಓದಿ ಹೇಳು ಎಂದಳು. ಓದಿದೆ. ಬೋಳು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ಕೈ ತುಂಬಾ ಅಂತ ಸೇರ್ಸು" ಎಂದಳು.

ಸೇರಿಸಿದೆ.